ಮನೆ ಹಿಂದಿನ ಧರೆಗೆ ಮಣ್ಣು ಪರೀಕ್ಷೆ ಮಾಡಿಸಿದ ಕಥೆ

ಗುಡ್ಡ ಕಡಿದಾಗ ನೆಟ್ಟಗೆ ಉಳಿಯುವ ಮಣ್ಣಿನ ಗೋಡೆಗೆ ನಮ್ಮ ಕಡೆ ಧರೆ ಅನ್ನುತ್ತಾರೆ. ಅದು ಬಿರುಕು ಬಿಟ್ಟಿದೆ ಅಂತ ಊರಲ್ಲಿ ಯಾರಿಗಾದರೂ ಹೇಳಿ ನೋಡಿ. ಸಿಗುವ ಸಲಹೆ ಒಂದೇ: ಗೋಡೆ ಕಟ್ಟಿಸಿ. ಎಷ್ಟು ದಪ್ಪ, ಎಷ್ಟು ಎತ್ತರ ಅನ್ನುವುದರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಲೆಕ್ಕ. ಒಳಗಿರುವುದು ಯಾವ ಮಣ್ಣು, ಅದಕ್ಕೆ ನೀರು ಎಲ್ಲಿಂದ ಬರುತ್ತಿದೆ ಅಂತ ನನ್ನನ್ನು ಕೇಳಿದ್ದು ಒಬ್ಬರೇ, ನನ್ನ ಹೆಂಡತಿಯ ಅಣ್ಣ. ಹುಬ್ಬಳ್ಳಿಯಲ್ಲಿ ಸಿವಿಲ್ ಎಂಜಿನಿಯರ್ ಆಗಿದ್ದಾರೆ. ಅವರ ಮಾತು ಕೇಳಿ ಮೊದಲು ಮಣ್ಣು ಪರೀಕ್ಷೆ ಮಾಡಿಸಿದೆ, ಆಮೇಲೆ ಕೆಲಸಕ್ಕೆ ಕೈ ಹಾಕಿದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಧರೆಯ ಬುಡದಲ್ಲೇ ಮನೆ ಇರುವವರು ತುಂಬಾ ಜನ. ಅವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆ ಶಿರಸಿ–ಕುಮಟಾ ರಸ್ತೆಯಲ್ಲಿ, ದೇವಿಮನೆ ಘಟ್ಟ ಇಳಿದು ಸ್ವಲ್ಪ ದೂರ ಬಂದ ಮೇಲೆ, ಗುಡ್ಡದ ಬುಡದಲ್ಲಿದೆ. ಎದುರಿಗೆ ತೋಟ, ಬೆನ್ನಿಗೆ ಧರೆ. ಅಜ್ಜನ ಕಾಲದಲ್ಲಿ ಗುಡ್ಡ ಕಡಿದು ಮನೆ ಜಾಗ ಮಾಡಿದ್ದು. ಎತ್ತರ ಸುಮಾರು 20 ಅಡಿ, ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆ. ಮೇಲೆ ನಮ್ಮದೇ ಗೇರು ಹಿತ್ತಲು. ಇಷ್ಟು ವರ್ಷ ಅಲ್ಲೊಂದು ಇಲ್ಲೊಂದು ಹೆಂಟೆ ಉದುರಿದ್ದು ಬಿಟ್ಟರೆ ಆ ಧರೆ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಒಂದು ಜುಲೈನಲ್ಲಿ ಮಳೆ ಹಿಡಿದು ಹೊಡೆಯುತ್ತಿದ್ದಾಗ, ಅಂಚಿನಿಂದ ಆರೇಳು ಅಡಿ ಹಿಂದೆ, ಅಂಚಿಗೆ ಸಮಾನಾಂತರವಾಗಿ ಉದ್ದಕ್ಕೆ ಬಿರುಕು ಬಿಟ್ಟಿತು. ಹೆಬ್ಬೆರಳು ಇಳಿಯುವಷ್ಟು ಅಗಲ. ಅಂಚಿನ ಗೇರುಮರ ಮನೆ ಕಡೆಗೆ ಸ್ವಲ್ಪ ವಾಲಿತ್ತು.

ಫೋನ್ ಮಾಡಿದಾಗ ಭಾವ ಕೇಳಿದ ಮೊದಲ ಪ್ರಶ್ನೆ ಬಿರುಕಿನ ಬಗ್ಗೆ ಅಲ್ಲ. "ಬುಡದಲ್ಲಿ ನೀರು ಒಸರ್ತಾ ಇದೆಯಾ? ತಿಳಿ ನೀರೋ, ಕೆಸರು ನೀರೋ?"

"ತಿಳಿ ನೀರೇ ಭಾವ, ಆದ್ರೆ ಹಿಂದೆಲ್ಲ ಬರ್ತಾ ಇರಲಿಲ್ಲ."

"ಸರಿ. ಬಿರುಕಿನ ಎರಡೂ ಕಡೆ ಒಂದೊಂದು ಗೂಟ ಹೊಡೆದು ಮಧ್ಯದ ಅಂತರ ಬರೆದಿಡಿ. ದಿನಾ ಅಳೆಯಿರಿ. ಬಿರುಕಿಗೆ ಜಿಗುಟು ಮಣ್ಣು ತುಂಬಿ ಮೇಲೆ ಟಾರ್ಪಾಲ್ ಹೊದೆಸಿ. ಮಲಗೋದು ಎದುರಿನ ಜಗಲಿಯಲ್ಲಿ. ಅಂತರ ಜಾಸ್ತಿ ಆಗ್ತಾ ಹೋದ್ರೆ, ಇಲ್ಲಾ ಬುಡದಲ್ಲಿ ಕೆಸರು ನೀರು ಬಂದ್ರೆ, ಬುಡ ಉಬ್ಬಿದ್ರೆ, ಮನೆ ಬಿಟ್ಟು ಹೊರಡಿ. ನನಗೆ ಫೋನ್ ಮಾಡ್ತಾ ಕೂರಬೇಡಿ."

ಯಾಕೆ ಎತ್ತ ಅಂತ ವಾದ ಮಾಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದು ಗಂಗಾವಳಿ ನದಿಯೊಳಕ್ಕೆ ಹೋಗಿದ್ದು, ನದಿಯ ನೀರು ಆಚೆ ದಡದ ಉಳುವರೆಗೆ ನುಗ್ಗಿದ್ದು ಎಲ್ಲರ ಕಣ್ಣ ಮುಂದಿತ್ತು. ಅದಕ್ಕೂ ಹಿಂದೆ 2021ರಲ್ಲಿ ಯಲ್ಲಾಪುರದ ಕಳಚೆ, 2009ರಲ್ಲಿ ಕಾರವಾರದ ಹತ್ತಿರ ಕಡವಾಡದ ಝರಿವಾಡ. ಆ ಮಳೆಗಾಲ ಪೂರ್ತಿ ನಾವು ಜಗಲಿಯಲ್ಲೇ ಮಲಗಿದೆವು. ಗೂಟದ ಅಂತರ ಒಂದಿಷ್ಟು ಹೆಚ್ಚಿ ನಿಂತಿತು.

ಮಳೆ ಬಿಟ್ಟ ಮೇಲೆ ಭಾವ ಬಂದರು. ಧರೆಯ ಮುಖವನ್ನು ಗುದ್ದಲಿಯಿಂದ ಮೇಲಿಂದ ಕೆಳಗಿನವರೆಗೆ ಒಂದು ಪಟ್ಟಿ ಕೆರೆಸಿದರು. ಹಸಿರು ಪಾಚಿ ಹೋದ ಮೇಲೆ ಒಳಗಿನದು ಕಾಣಿಸಿತು. ಮೇಲಿನ ಆರೇಳು ಅಡಿ ಚಿರೆಕಲ್ಲು, ಕೆಂಪಗೆ, ತೂತುತೂತಾಗಿ, ಗಟ್ಟಿಯಾಗಿ. ಅದರ ಕೆಳಗೆ ಬುಡದವರೆಗೂ ಶೇಡಿ. ಹಿಂದೆ ಹಬ್ಬಕ್ಕೆ ಗೋಡೆ ಮೇಲೆ ಬರೆಯಲು ಬಳಸುತ್ತಿದ್ದ ಅದೇ ಶೇಡಿ ಮಣ್ಣು. ಬಿಳಿ, ನಸುಗೆಂಪು, ಹಳದಿ ಪಟ್ಟೆಪಟ್ಟೆ. ಕೈಯಲ್ಲಿ ಉಜ್ಜಿದರೆ ಪೌಡರ್ ತರ ನುಣ್ಣಗೆ. ಕೆಳಗಿನ ಬಂಡೆಯೇ ಲಕ್ಷಾಂತರ ವರ್ಷ ನೀರಲ್ಲಿ ಕೊಳೆತು ಹೀಗಾಗಿದೆ ಅಂದರು ಭಾವ. ಕರಾವಳಿಯಲ್ಲಿ ಚಿರೆಕಲ್ಲಿನ ಕೆಳಗೆ ಇದು ಮಾಮೂಲು.

ಅವರು ನನ್ನ ಹೆಂಡತಿಗೆ ಹೇಳಿ ಗಾಜಿನ ಲೋಟದಲ್ಲಿ ನೀರು ತರಿಸಿದರು. ಶೇಡಿಯ ಒಣಗಿದ ಒಂದು ಉಂಡೆ ನನ್ನ ಕೈಗೆ ಕೊಟ್ಟು "ಒಡೀರಿ" ಅಂದರು. ಹೆಬ್ಬೆರಳಿಗೆ ಬಗ್ಗಲಿಲ್ಲ, ಕಲ್ಲಿಗೆ ಕುಟ್ಟಬೇಕಾಯಿತು. ಅದರದೇ ಇನ್ನೊಂದು ತುಂಡನ್ನು ಲೋಟದೊಳಗೆ ಬಿಟ್ಟರು. ಸಣ್ಣ ಸಣ್ಣ ಗುಳ್ಳೆ ಎದ್ದವು. ಅಂಚಿನಿಂದ ಪದರ ಪದರವಾಗಿ ಬಿಚ್ಚಿಕೊಂಡಿತು. ಚಾ ಕುಡಿದು ಮುಗಿಸುವಷ್ಟರಲ್ಲಿ ಲೋಟದ ತಳದಲ್ಲಿ ಬಗ್ಗಡ ಬಿಟ್ಟರೆ ಏನೂ ಇರಲಿಲ್ಲ. ಚಿರೆಕಲ್ಲಿನ ತುಂಡು ಪಕ್ಕದ ಲೋಟದಲ್ಲಿ ಹಾಗೇ ಕೂತಿತ್ತು. ಅಪ್ಪಯ್ಯ ಎರಡೂ ಲೋಟ ನೋಡಿ ಏನೂ ಹೇಳದೆ ಒಳಗೆ ಹೋದರು.

ಮಣ್ಣು ಪರೀಕ್ಷೆ ಅಂದರೆ ಒಂದು ಚೀಲ ಮಣ್ಣು ಕಟ್ಟಿ ಕಳಿಸುವುದು ಅಂತ ನಾನು ಅಂದುಕೊಂಡಿದ್ದೆ. ತೋಟದ ಮಣ್ಣನ್ನು ಗೊಬ್ಬರದ ಲೆಕ್ಕಕ್ಕೆ ಕಳಿಸುವುದು ಹಾಗೇ ಅಲ್ವಾ. ಇದು ಬೇರೆ. ಮಣ್ಣು ಧರೆಯೊಳಗೆ ಹೇಗೆ ಕೂತಿದೆಯೋ ಹಾಗೇ ಲ್ಯಾಬ್‌ಗೆ ಹೋಗಬೇಕು. ಕಲಕಿದರೆ ಅದರ ಕಟ್ಟು ಹೋಗುತ್ತದೆ, ಬರುವ ಲೆಕ್ಕ ಸುಳ್ಳಾಗುತ್ತದೆ. ಶೇಡಿ ಪದರದಲ್ಲಿ ಒಂದು ಅಡಿ ಚೌಕದ ಗಡ್ಡೆಯನ್ನು ಚಾಕು ಮತ್ತು ತಂತಿಯಿಂದ ನಿಧಾನವಾಗಿ ಕೊಯ್ದು ಬಿಡಿಸಿದರು. ಮೇಲೆ ತೆಳು ಬಟ್ಟೆ ಸುತ್ತಿ ಕರಗಿಸಿದ ಮೇಣ ಬಳಿದರು. ಮತ್ತೆ ಬಟ್ಟೆ, ಮತ್ತೆ ಮೇಣ. ಒಳಗಿನ ತೇವ ಹಾರಬಾರದು ಅಂತ. ಆಮೇಲೆ ಮರದ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿಟ್ಟು, ಕಾರಿನ ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿ ಕೂರಿಸಿದ್ದಾಯಿತು. ಘಟ್ಟದ ರಸ್ತೆಯ ಪ್ರತಿ ಹೊಂಡಕ್ಕೂ ಭಾವ ಬಯ್ಯುತ್ತಿದ್ದರು.

ಮೇಲೆ ಹಿತ್ತಲಲ್ಲಿ ಬೋರ್ ಹಾಕುವವರೂ ಬಂದಿದ್ದರು. ಬಾವಿ ಬೋರ್ ಅಲ್ಲ. ಮೂರು ಕಾಲಿನ ಕಬ್ಬಿಣದ ಚೌಕಟ್ಟು, ಒಂದು ವಿಂಚು. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ ಒಂದು ಕೊಳವೆಯನ್ನು ನೆಲಕ್ಕೆ ಹೊಡೆಯುತ್ತಾರೆ. ಮೊದಲ 15 ಸೆಂಟಿಮೀಟರ್ ಬಿಟ್ಟು ಮುಂದಿನ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಅಂತ ಎಣಿಸುತ್ತಾರೆ. ಚಿರೆಕಲ್ಲಿನಲ್ಲಿ ಸುತ್ತಿಗೆ ಟಣ್ ಅಂತ ಪುಟಿಯುತ್ತಿತ್ತು, ಕೊಳವೆ ಇಳಿಯುತ್ತಲೇ ಇರಲಿಲ್ಲ. ಅಲ್ಲಿ ಕೊರೆದು ಮುಂದೆ ಹೋದರು. ಶೇಡಿ ಬಂದ ಕೂಡಲೇ ಸದ್ದೇ ಬದಲಾಯಿತು. ಹತ್ತು ಚಿಲ್ಲರೆ ಪೆಟ್ಟಿಗೆ ಕೊಳವೆ ಮೆತ್ತಗೆ ಕೆಳಗಿಳಿಯಿತು. ಊರಿನ ಎಂಟು ಹತ್ತು ಜನ ನೋಡಲು ನಿಂತಿದ್ದರು. ಗಟ್ಟಿ ಕಲ್ಲು ಮೇಲಿದೆ, ಮೆತ್ತಗಿನದು ಕೆಳಗಿದೆ ಅನ್ನುವುದು ಆ ಸದ್ದು ಕೇಳಿದ ಎಲ್ಲರಿಗೂ ಅರ್ಥವಾಗಿತ್ತು.

ಲ್ಯಾಬ್‌ನಲ್ಲಿ ನನ್ನನ್ನೂ ಪಕ್ಕ ನಿಲ್ಲಿಸಿಕೊಂಡು ತೋರಿಸಿದರು. ಶಿಯರ್ ಬಾಕ್ಸ್ ಅಂತ ಒಂದು ಸಣ್ಣ ಪೆಟ್ಟಿಗೆ, ಒಳಗೆ 6 ಸೆಂಟಿಮೀಟರ್ ಚೌಕ. ಅಡ್ಡಕ್ಕೆ ಎರಡು ಹೋಳು, ಒಂದರ ಮೇಲೊಂದು ಕೂತಿರುತ್ತದೆ. ನಮ್ಮ ಗಡ್ಡೆಯಿಂದ ಕೊಯ್ದ ಬಿಲ್ಲೆಯನ್ನು ಅದರೊಳಗೆ ಕೂರಿಸಿ ಮೇಲಿನಿಂದ ಭಾರ ಹೇರುತ್ತಾರೆ. ಆಮೇಲೆ ಒಂದು ಹೋಳನ್ನು ಮೋಟಾರ್ ಅಡ್ಡಕ್ಕೆ ತಳ್ಳುತ್ತದೆ, ಬಹಳ ನಿಧಾನವಾಗಿ. ಡಯಲ್‌ನ ಮುಳ್ಳು ಏರುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಮುಳ್ಳು ನಿಲ್ಲುತ್ತದೆ, ಆಮೇಲೆ ಹಿಂದೆ ಸರಿಯುತ್ತದೆ. ಅಲ್ಲಿಗೆ ಮಣ್ಣು ನಡುವೆ ಜಾರಿತು ಅಂತ ಲೆಕ್ಕ. ಇದನ್ನೇ ಬೇರೆ ಬೇರೆ ಬಿಲ್ಲೆಗಳ ಮೇಲೆ 50, 100, 150 ಕಿಲೋಪ್ಯಾಸ್ಕಲ್ ಒತ್ತಡದಲ್ಲಿ ಮಾಡುತ್ತಾರೆ. ಐಎಸ್ 2720 ಅನ್ನುವ ಭಾರತೀಯ ಮಾನಕದ 13ನೇ ಭಾಗದಲ್ಲಿ ಈ ಕ್ರಮ ಇದೆ. ನಮ್ಮದನ್ನು ಎರಡು ರೀತಿ ಮಾಡಿಸಿದ್ದರು: ಧರೆಯಲ್ಲಿದ್ದ ತೇವದಲ್ಲಿ ಒಮ್ಮೆ, ನೀರಲ್ಲಿ ಪೂರ್ತಿ ನೆನೆಸಿ ಇನ್ನೊಮ್ಮೆ. ಎರಡನೆಯದನ್ನು ಕೇಳಿ ಮಾಡಿಸಬೇಕು. ದುಡ್ಡು ಉಳಿಸಲು ಅದನ್ನು ಬಿಟ್ಟರೆ ನಮ್ಮ ಕಡೆಯ ಮಳೆಗೆ ಆ ವರದಿ ಯಾವ ಕೆಲಸಕ್ಕೂ ಬಾರದು.

ಬಂದ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ಗೆರೆ ಎಳೆದರು. ಮೇಲಿನ ಒತ್ತಡ ಹೆಚ್ಚಿದಷ್ಟೂ ಜಾರಿಸಲು ಜಾಸ್ತಿ ಬಲ ಬೇಕು. ಗೆರೆ ಎಷ್ಟು ಓರೆಯಾಗಿ ಏರುತ್ತದೋ ಅದು ಮಣ್ಣಿನ ಘರ್ಷಣೆ ಕೋನ. ಒತ್ತಡವೇ ಇಲ್ಲದಾಗಲೂ ಉಳಿಯುವ ಬಲ ಮಣ್ಣಿನ ಅಂಟು. ಎರಡೂ ಸೇರಿದರೆ ಜಾರದೆ ನಿಲ್ಲುವ ಶಕ್ತಿ, ಎಂಜಿನಿಯರುಗಳ ಬಾಯಲ್ಲಿ ಶಿಯರ್ ಸ್ಟ್ರೆಂತ್. ಇದು 250 ವರ್ಷ ಹಳೆಯ ಲೆಕ್ಕ. ವಿದ್ಯುತ್ ಪಾಠದಲ್ಲಿ ಬರುವ ಕೂಲಂಬ್ ಇದ್ದಾನಲ್ಲ, ಅವನೇ ಇದನ್ನು ಹಾಕಿದವನು. ಅವನು ಫ್ರೆಂಚ್ ಸೇನೆಯ ಎಂಜಿನಿಯರ್, ಮಾರ್ಟಿನಿಕ್ ದ್ವೀಪದಲ್ಲಿ ಕೋಟೆ ಕಟ್ಟಿಸಿದವನು. ಗೋಡೆ ಹಿಂದಿನ ಮಣ್ಣು ಯಾವಾಗ ಜಾರುತ್ತದೆ ಅನ್ನುವ ಪ್ರಶ್ನೆ ಅವನಿಗೂ ಕೆಲಸದ ಜಾಗದಲ್ಲೇ ಎದುರಾಗಿದ್ದು. 1773ರಲ್ಲಿ ಪ್ಯಾರಿಸ್‌ನ ಅಕಾಡೆಮಿಗೆ ಪ್ರಬಂಧ ಕೊಟ್ಟ.

ನಮ್ಮ ಶೇಡಿಯ ಘರ್ಷಣೆ ಕೋನ ಎರಡೂ ಸಲ 27 ಡಿಗ್ರಿ ಹತ್ತಿರವೇ ಬಂತು. ಬಿದ್ದದ್ದು ಅಂಟು. ತೇವ ಕಡಿಮೆ ಇದ್ದಾಗ 36 ಕಿಲೋಪ್ಯಾಸ್ಕಲ್ ಇದ್ದದ್ದು ನೆನೆದಾಗ 12ಕ್ಕೆ ಇಳಿದಿತ್ತು. ಮೂರರಲ್ಲಿ ಒಂದು ಪಾಲು! ಒಣ ಶೇಡಿಯ ಗಟ್ಟಿತನದಲ್ಲಿ ಬಹುಪಾಲು ಮಣ್ಣಿನದಲ್ಲವಂತೆ. ಕಣಗಳ ನಡುವಿನ ಚೂರು ತೇವ ಅವನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ಸಂದುಗಳಲ್ಲಿ ನೀರು ತುಂಬಿದ ಕೂಡಲೇ ಆ ಹಿಡಿತ ಹೋಗುತ್ತದೆ. ಲೋಟದಲ್ಲಿ ನಾವು ನೋಡಿದ್ದು ಅದನ್ನೇ.

ನೀರು ಇನ್ನೂ ಒಂದು ಕೆಲಸ ಮಾಡುತ್ತದೆ. ಇದು ನನಗೆ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಮಳೆ ನೀರಿನಿಂದ ಗುಡ್ಡ ಭಾರವಾಗಿ ಬೀಳುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಭಾರ ಹೆಚ್ಚುವುದು ನಿಜ, ಆದರೆ ಮುಖ್ಯ ಸಂಗತಿ ಅದಲ್ಲ. ಮರಳ ಮೇಲೆ ಎಳೆದಿಟ್ಟ ದೋಣಿಯನ್ನು ನೆನೆಸಿಕೊಳ್ಳಿ. ಹತ್ತು ಜನ ಸೇರಿದರೂ ಜಗ್ಗುವುದಿಲ್ಲ. ಭರತ, ಅಂದರೆ ಕಡಲಿನ ಉಬ್ಬರ, ಬಂದು ನೀರು ಕೆಳಗಿನಿಂದ ಎತ್ತಿತು ಅಂದರೆ ಒಬ್ಬನೇ ತಳ್ಳಬಹುದು. ದೋಣಿಯ ತೂಕ ಕಡಿಮೆ ಆಗಿಲ್ಲ, ಮರಳಿನ ಮೇಲೆ ಬೀಳುವ ಒತ್ತಡ ಕಡಿಮೆ ಆಗಿದೆ. ಧರೆಯೊಳಗಿನ ನೀರೂ ಮಣ್ಣಿನ ಕಣಗಳನ್ನು ಹಾಗೇ ಎತ್ತುತ್ತದೆ. ಕಣ ಕಣದ ನಡುವಿನ ಒತ್ತಡ ಇಳಿದರೆ ಘರ್ಷಣೆ ಇಳಿಯುತ್ತದೆ. ಕಾರ್ಲ್ ಟೆರ್ಜಾಗಿ ಅನ್ನುವ ಎಂಜಿನಿಯರ್ 1920ರ ದಶಕದಲ್ಲಿ ಇದನ್ನು ಲೆಕ್ಕಕ್ಕೆ ತಂದ. ಮಣ್ಣಿನ ಎಂಜಿನಿಯರಿಂಗ್ ಇವತ್ತಿಗೂ ನಿಂತಿರುವುದು ಅದರ ಮೇಲೆ.

ಭಾವ ಲ್ಯಾಪ್‌ಟಾಪ್‌ನಲ್ಲಿ ನಮ್ಮ ಧರೆಯ ಅಡ್ಡಕೊಯ್ತ ಬರೆದು, ಜಾರಬಹುದಾದ ಕಮಾನುಗಳನ್ನು ಒಂದೊಂದಾಗಿ ಎಳೆಸಿ ನೋಡಿದರು. ಪ್ರತಿ ಕಮಾನಿನ ಮೇಲಿನ ಮಣ್ಣನ್ನು ಕಂಬ ಕಂಬವಾಗಿ ಕತ್ತರಿಸಿ, ತಡೆಯುವ ಬಲವನ್ನು ಜಾರಿಸುವ ಬಲದಿಂದ ಭಾಗಿಸುವುದು. ಸ್ವೀಡನ್ನಿನ ಗೋಥೆನ್‌ಬರ್ಗ್ ಬಂದರಿನ ಕಟ್ಟೆ 1916ರಲ್ಲಿ ಜಾರಿದ ಮೇಲೆ ಅಲ್ಲಿನವರು ಈ ಕ್ರಮ ಬೆಳೆಸಿದರು. ಭಾಗಲಬ್ಧ 1 ಬಂದರೆ ಧರೆ ಬೀಳುವ ಅಂಚಿನಲ್ಲಿ ನಿಂತಿದೆ ಅಂತ ಅರ್ಥ. ಮನೆ ಹತ್ತಿರ 1.5 ಇರಲೇಬೇಕು ಅಂದರು ಭಾವ. ನಮ್ಮದು ಬೇಸಿಗೆಯ ತೇವದಲ್ಲಿ 1.9ರ ಹತ್ತಿರ, ಪೂರ್ತಿ ನೆನೆದಾಗ 1ರ ಆಸುಪಾಸು. ಇಷ್ಟು ವರ್ಷ ನಿಂತಿದ್ದು, ಆ ಜುಲೈನಲ್ಲಿ ಬಿರುಕು ಬಿಟ್ಟಿದ್ದು ಎರಡಕ್ಕೂ ಆ ಎರಡು ಅಂಕಿಯಲ್ಲೇ ಉತ್ತರ ಇತ್ತು. ಹಿಂದೆ ಒಳಗೆ ಇಷ್ಟು ನೀರು ಹೋಗುತ್ತಿರಲಿಲ್ಲ. ಈಗ ಹೋಗುತ್ತಿದೆ. ಎಲ್ಲಿಂದ?

ಇಲ್ಲಿ ಮನೆಯೊಳಗೆ ಸಣ್ಣ ಜಗಳವೇ ಆಯಿತು. ಕೆಲವು ವರ್ಷಗಳ ಹಿಂದೆ ಅಪ್ಪಯ್ಯ ಗೇರು ಹಿತ್ತಲಲ್ಲಿ ಸಾಲಾಗಿ ಇಂಗುಗುಂಡಿ ತೋಡಿಸಿದ್ದರು. ಫೆಬ್ರವರಿ ಬಂದರೆ ಬಾವಿ ತಳ ಕಾಣುತ್ತಿತ್ತು. ಗುಂಡಿ ತೋಡಿಸಿದ ಮೇಲೆ ನೀರು ಏಪ್ರಿಲ್‌ವರೆಗೂ ಬರತೊಡಗಿತು. ಅವರಿಗೆ ಅದರ ಬಗ್ಗೆ ಹೆಮ್ಮೆ, ನೋಡಲು ಬಂದವರಿಗೆಲ್ಲ ತೋರಿಸುತ್ತಿದ್ದರು. ಭಾವ ಹಿತ್ತಲು ಸುತ್ತಿ ಬಂದು, ಅಂಚಿಗೆ ಹತ್ತಿರದ ಎರಡು ಸಾಲನ್ನು ಮುಚ್ಚಬೇಕು ಅಂದಾಗ ಅಪ್ಪಯ್ಯನ ಮುಖ ಕೆಂಪಾಯಿತು.

"ನೀರು ಇಂಗಿಸಿ ಅಂತ ಇಡೀ ಜಿಲ್ಲೆ ಹೇಳ್ತದೆ. ನೀವು ಮುಚ್ಚಿ ಅಂತೀರಲ್ಲ ತಮ್ಮಾ?"

"ಇಂಗಿಸಬೇಡಿ ಅಂತ ನಾ ಹೇಳ್ತಿಲ್ಲ ಮಾವ. ಧರೆಯ ನೆತ್ತಿ ಮೇಲೆ ಬೇಡ. ಆಚೆ ಇಳುಕಲಲ್ಲಿ ಬೇಕಾದಷ್ಟು ತೋಡಿಸಿ."

ಚಿರೆಕಲ್ಲು ತೂತುತೂತು, ನೀರನ್ನು ಸರಾಗ ಕೆಳಗೆ ಬಿಡುತ್ತದೆ. ಶೇಡಿ ಅಷ್ಟು ಬೇಗ ಬಿಡುವುದಿಲ್ಲ. ಹಾಗಾಗಿ ಗುಂಡಿಯ ನೀರು ಎರಡರ ನಡುವೆ ನಿಂತು, ಶೇಡಿಯನ್ನು ನೆನೆಸುತ್ತಾ ಧರೆಯ ಮುಖಕ್ಕೆ ಬರುತ್ತಿತ್ತು. ಬುಡದಲ್ಲಿ ಹೊಸದಾಗಿ ಒಸರಿದ ನೀರು ಅದೇ. ಅಪ್ಪಯ್ಯ ರಾತ್ರಿ ಊಟಕ್ಕೆ ಕೂತಾಗಲೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ತಾವೇ ಆಳುಗಳನ್ನು ಕರೆದುಕೊಂಡು ಹೋಗಿ ಗುಂಡಿ ಮುಚ್ಚಿಸಿದರು. ಮಣ್ಣು ತುಂಬಿ ದಮ್ಮಸು ಮಾಡಿಸಿದರು. ಆಚೆ ಇಳುಕಲಲ್ಲಿ ಎಲ್ಲಿ ಹೊಸ ಗುಂಡಿ ತೋಡಬೇಕು ಅಂತ ಗುರುತೂ ಹಾಕಿಸಿ ಬಂದರು. ಇಂಗುಗುಂಡಿಯ ಪ್ರಚಾರ ಮಾಡುವವರು ಈ ಒಂದು ಮಾತನ್ನು ಸೇರಿಸಿ ಹೇಳಿದರೆ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ಪಾಯಿಖಾನೆಯ ಪಿಟ್‌ಗೂ ಇದೇ ಮಾತು. ಧರೆ ಮೇಲೆ ಮನೆ ಕಟ್ಟಿ ಅಂಚಿನಲ್ಲೇ ಪಿಟ್ ತೋಡಿಸಿದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ.

ಧರೆಯ ಒಂದು ಮೂಲೆಯಲ್ಲಿ ಬಂಡೆ ಹೊರಗೆ ಕಾಣುತ್ತಿತ್ತು. ಅದಕ್ಕೆ ಲೆಕ್ಕ ಬೇರೆ. ಬಂಡೆಯ ತುಂಡು ಎಷ್ಟೇ ಗಟ್ಟಿ ಇರಲಿ, ಅದು ಜಾರುವುದು ಬಿರುಕಿನ ಗುಂಟ. ಬಿರುಕು ಮನೆ ಕಡೆಗೆ ಇಳಿಜಾರಾಗಿ, ಧರೆಯ ಮುಖಕ್ಕಿಂತ ಕಡಿಮೆ ಓರೆಯಲ್ಲಿ, ಆದರೆ ಘರ್ಷಣೆ ಕೋನಕ್ಕಿಂತ ಹೆಚ್ಚು ಓರೆಯಲ್ಲಿ ಇದ್ದರೆ ಅಪಾಯ. ಬಿರುಕಿನೊಳಗೆ ಶೇಡಿ ತುಂಬಿದ್ದರಂತೂ ಬಂಡೆಯ ಗಟ್ಟಿತನಕ್ಕೆ ಬೆಲೆಯೇ ಇಲ್ಲ. ನಮ್ಮದರಲ್ಲಿ ಬಿರುಕುಗಳು ಗುಡ್ಡದ ಒಳಮುಖವಾಗಿ ಇಳಿದಿದ್ದವು. ಭಾವ ದಿಕ್ಸೂಚಿ ಹಿಡಿದು ಅಳೆದು, ಅದನ್ನು ಮುಟ್ಟುವುದು ಬೇಡ ಅಂದರು. ಕಾರವಾರ–ಅಂಕೋಲಾ ನಡುವೆ ಹೆದ್ದಾರಿಗೆ ಕಡಿದ ಬಂಡೆಗಳನ್ನು ಬಸ್ಸಿನ ಕಿಟಕಿಯಿಂದ ನೋಡುವಾಗ ಈಗ ನನ್ನ ಕಣ್ಣು ಮೊದಲು ಹೋಗುವುದು ಬಿರುಕು ಯಾವ ಕಡೆ ಇಳಿದಿದೆ ಅನ್ನುವುದರ ಮೇಲೆ.

ಕೆಲಸ ಶುರುವಾಗಿದ್ದು ಜನವರಿಯಲ್ಲಿ. ಮಳೆಗಾಲ ಹತ್ತಿರ ಬಂದಾಗ ಧರೆ ಮುಟ್ಟಲೇಬಾರದು. ಇನ್ನೊಂದು ಶರತ್ತು: ಕಡಿಯುವುದು ಮೇಲಿನಿಂದ ಕೆಳಗೆ. ಜೆಸಿಬಿಯವನಿಗೆ ಬುಡದಿಂದ ಕೆರೆಯುವುದೇ ಸುಲಭ, ಬಕೆಟ್ ಹಾಕಿದರೆ ಮೇಲಿನದು ತಾನಾಗಿ ಬೀಳುತ್ತದೆ. ಬುಡ ತೆಗೆದರೆ ಆಧಾರವೇ ಹೋದಂತೆ. ಅದಕ್ಕೆ ಸಣ್ಣ ಯಂತ್ರವನ್ನು ಆಚೆ ಕಡೆಯಿಂದ ಹಿತ್ತಲಿಗೆ ಹತ್ತಿಸಿದೆವು. ಮೂರು ಗೇರುಮರ ಹೋದವು. ನಡುವೆ ಒಂದು ಮೆಟ್ಟಿಲು ಬಿಟ್ಟು, ಒಟ್ಟು ಓರೆ 45 ಡಿಗ್ರಿ ಬರುವಂತೆ ಕಡಿಸಿದೆವು. ಲೆಕ್ಕದಲ್ಲಿ ಅದರಿಂದಲೇ 1.5 ಮುಟ್ಟಿತು, ನೀರನ್ನು ಹೊರಗೆ ಬಿಟ್ಟರೆ ಇನ್ನೂ ಮೇಲೆ.

ನೀರಿನ ಕೆಲಸಕ್ಕೇ ಜಾಸ್ತಿ ದುಡ್ಡು ಹೋಗಿದ್ದು. ಧರೆಯ ನೆತ್ತಿಯಿಂದ ಹಿಂದೆ ಉದ್ದಕ್ಕೂ ಒಂದು ಕಾದಿಗೆ, ಅಂದರೆ ಸಣ್ಣ ಕಾಲುವೆ, ಗುಡ್ಡದ ನೀರನ್ನು ಬದಿಗೆ ತಿರುಗಿಸಲು. ಅದರ ತಳಕ್ಕೆ ಕಲ್ಲು ಹಾಸಿ ಸಿಮೆಂಟ್ ಹಾಕಿಸಿದೆವು. ಸುಮ್ನೆ ಮಣ್ಣಿನ ಕಾದಿಗೆ ಬಿಟ್ಟರೆ ಅದೇ ಒಂದು ಉದ್ದನೆಯ ಇಂಗುಗುಂಡಿ ಆಗುತ್ತದೆ. ಧರೆಯೊಳಕ್ಕೆ ತೂತಿನ ಪಿವಿಸಿ ಪೈಪುಗಳು, ಹೊರಗೆ ತುಸು ಇಳಿಜಾರಾಗಿ, ಮೇಲೆ ಜಾಲಿ ಬಟ್ಟೆ ಸುತ್ತಿ. ಬುಡದಲ್ಲಿ ಎದೆಯೆತ್ತರದ ಗೇಬಿಯನ್ ಗೋಡೆ, ಅಂದರೆ ತಂತಿ ಬಲೆಯ ಪೆಟ್ಟಿಗೆಯಲ್ಲಿ ಕಲ್ಲು ಜೋಡಿಸಿದ್ದು. ನೀರು ಅದರ ಸಂದಿಯಿಂದ ತಾನಾಗಿ ಹೊರಗೆ ಬರುತ್ತದೆ. ಗೋಡೆಗೂ ಮಣ್ಣಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಶೀಟ್, ನೀರು ಬರಲಿ ಮಣ್ಣು ಬಾರದಿರಲಿ ಅಂತ. ಇಳಿಜಾರಿನ ಮೇಲೆ ಸಾಲಾಗಿ ಲಾವಂಚ ನೆಟ್ಟೆವು. ಲಾವಂಚದ ಬೇರು ಆಳಕ್ಕೆ ನೆಟ್ಟಗೆ ಇಳಿಯುತ್ತದೆ, ಮೇಲ್ಮಣ್ಣು ಕೊಚ್ಚಿ ಹೋಗದಂತೆ ಹಿಡಿಯುತ್ತದೆ. ಆಳದ ಜಾರಿಕೆಯನ್ನು ಅದು ತಡೆಯುವುದಿಲ್ಲ. ಲಾವಂಚ ನೆಟ್ಟರೆ ಗುಡ್ಡವೇ ನಿಲ್ಲುತ್ತದೆ ಅನ್ನುವ ಮಾತು ನಂಬಬೇಡಿ.

ಮೇಸ್ತ್ರಿಗೆ ಇದೆಲ್ಲ ಹಿಡಿಸಲಿಲ್ಲ. "ಹೆಗಡೇರೆ, ಇಷ್ಟು ದುಡ್ಡು ನೀರಿಗೆ ಹಾಕ್ತ್ರಿ ಅಲ್ಲ! ಒಂದು ಗಟ್ಟಿ ಕಾಂಕ್ರೀಟ್ ಗೋಡೆ ಎಬ್ಬಿಸಿ ಬಿಡುವ. ನೋಡೂಕೂ ಚಂದ." ಅವನ ಮಾತಲ್ಲಿ ತಪ್ಪು ಹುಡುಕುವುದು ಕಷ್ಟ. ಅವನು ಕಟ್ಟಿದ ಗೋಡೆಗಳು ಸುತ್ತಮುತ್ತ ನಿಂತೇ ಇವೆ. ಬಿದ್ದ ಒಂದು ಗೋಡೆಯನ್ನು ಮಾತ್ರ ನಾನು ಹತ್ತಿರದಿಂದ ನೋಡಿದ್ದೆ, ಬೇರೆ ಊರಿನದು. ನೀರಿನ ತೂತುಗಳನ್ನು ಬಿಟ್ಟಿದ್ದರು, ಆದರೆ ಗಿಲಾವಿ ಮಾಡುವಾಗ ಚಂದ ಕಾಣಲಿ ಅಂತ ಎಲ್ಲವನ್ನೂ ಮುಚ್ಚಿದ್ದರು. ಹಿಂದೆ ನೀರು ಕಟ್ಟಿಕೊಂಡು ಗೋಡೆ ಇಡಿಯಾಗಿ ಮುಂದಕ್ಕೆ ಮಲಗಿತ್ತು. ಅದನ್ನು ಹೇಳಿದ ಮೇಲೆ ಮೇಸ್ತ್ರಿ ಗೊಣಗುವುದು ಬಿಡಲಿಲ್ಲ, ಆದರೆ ಪೈಪುಗಳನ್ನು ನೂಲು ಹಿಡಿದು ಸರಿಯಾದ ಇಳಿಜಾರಿಗೆ ಕೂರಿಸಿ ಕೊಟ್ಟ.

ಮುಂದಿನ ಮಳೆಗಾಲದಲ್ಲಿ ಮೊದಲ ದೊಡ್ಡ ಮಳೆಗೆ ಪೈಪುಗಳಲ್ಲಿ ಬಗ್ಗಡ ಬಂತು. ನನಗೆ ಎದೆ ಹೊಡೆದುಕೊಂಡಿತು. ಫೋನ್ ಮಾಡಿದರೆ ಭಾವ, "ಕೊರೆದಾಗ ಉಳಿದ ಪುಡಿ ಇರ್ತದೆ, ಎರಡು ದಿನ ನೋಡಿ. ಆಮೇಲೂ ಬಂದ್ರೆ ಮಣ್ಣು ಒಳಗಿಂದ ಖಾಲಿ ಆಗ್ತಿದೆ ಅಂತ ಅರ್ಥ" ಅಂದರು. ನೀರು ತಿಳಿಯಾಯಿತು. ಆಗಸ್ಟ್‌ನಲ್ಲಿ ಮಳೆ ಬಿಟ್ಟು ಬಿಸಿಲು ಬಿದ್ದ ದಿನಗಳಲ್ಲೂ ಪೈಪುಗಳು ಹರಿಯುತ್ತಲೇ ಇದ್ದವು. ಅಷ್ಟು ನೀರು ಹಿಂದಿನ ವರ್ಷ ಒಳಗೇ ಇತ್ತು ಅಂತ ಆಗ ಅಂದಾಜಾಯಿತು. ನೆತ್ತಿಯ ಹಿಂದೆ ಹೊಸದಾಗಿ ಹೊಡೆದ ಗೂಟಗಳ ಅಂತರ ಹೆಚ್ಚಲಿಲ್ಲ.

ಬಂಡೆಯ ಮೂಲೆಯ ಪೈಪ್ ಒಂದು ಮಾತ್ರ ಒಣಗಿಯೇ ಇದೆ. ಒಳಗೆ ಬೇರು ಹೊಕ್ಕಿರಬಹುದು, ಇಲ್ಲಾ ಅಲ್ಲಿ ನೀರೇ ಇಲ್ಲದಿರಬಹುದು. ದೀಪಾವಳಿಗೆ ಭಾವ ಬಂದಾಗ ಸರಳು ಹಾಕಿ ನೋಡುವುದು ಅಂತ ಆಗಿದೆ. ಕಾದಿಗೆಯ ದರಕು (ಒಣಗಿದ ಎಲೆ) ತೆಗೆಯುವ ಕೆಲಸವನ್ನು ಅಪ್ಪಯ್ಯ ತಾವೇ ವಹಿಸಿಕೊಂಡಿದ್ದಾರೆ, ಬೇರೆಯವರು ಮಾಡಿದರೆ ಅವರಿಗೆ ಸರಿಬರುವುದಿಲ್ಲ. ಪಕ್ಕದ ಕೇರಿಯ ಒಬ್ಬರು ತಮ್ಮ ಧರೆಗೂ ಮಣ್ಣು ಪರೀಕ್ಷೆ ಮಾಡಿಸಬೇಕು ಅಂತ ಮೊನ್ನೆ ಬಂದಿದ್ದರು. ಮೇಣ ಎಷ್ಟು ಬೇಕಾಗುತ್ತದೆ ಅಂತ ಕೇಳಿದರು. ನೆನೆಸಿದ ಮಣ್ಣಿನ ಪರೀಕ್ಷೆಯನ್ನೂ ಕೇಳಿ ಮಾಡಿಸಿ ಅಂತ ಹೇಳಿ ಕಳಿಸಿದೆ.